ನೆತ್ತಿಯ ಆಚೆ ಕಡೆ

ತುರಿಕೆ ಎಂಬುದು ತುರಿಸಿಕೊಳ್ಳಲಾಗದ ಹೊತ್ತು ನೋಡಿಕೊಂಡೇ ಬರುತ್ತದೆ. ಬಲಗೈಯಲ್ಲಿ ಬೆಳಗಿನ ಟೀ ಲೋಟ, ಎಡಗೈಯಲ್ಲಿ ಕೆಲಸದ ಚೀಲ, ಎದುರಿಗೆ ಬಾಗಿಲಿಗೆ ಅಡ್ಡವಾಗಿ ಹೆಂಡತಿ. ಅಂಥ ಗಳಿಗೆಯಲ್ಲೇ ಊರು ಹಲ್ಲಿ ಎಂದು ಕರೆಯುವ ಹೆಂಚು ಕೆಲಸದವನ ಅಂಗಿಯ ಒಳಗೆ, ಹೊಕ್ಕುಳಿನ ಮೇಲಿನಿಂದ ಬೆನ್ನಿನ ತನಕ, ಒಂದು ಲಕ್ಷ ಇರುವೆಗಳು ಮೆರವಣಿಗೆ ಹೊರಟವು. ಲಕ್ಷ ಇರಲಿಕ್ಕಿಲ್ಲ, ಸ್ವಲ್ಪ ಕಡಿಮೆ ಇರಬಹುದು ಎನ್ನುವವರು ಆ ಸೊಂಟವನ್ನು ಕಂಡವರಲ್ಲ. ಕಂಡವಳು ಜಗತ್ತಿನಲ್ಲಿ ಒಬ್ಬಳೇ, ಈಗ ಎದುರಿಗೆ ನಿಂತವಳು. ಅವಳೂ ಅದರ ಸುತ್ತ ಕಪ್ಪುಗಟ್ಟಿದ ಗೆರೆಯನ್ನು ಪ್ಯಾಂಟು ಬಿಗಿಯಾಗಿದ್ದರ ಗುರುತು ಎಂದು ತೀರ್ಮಾನಿಸಿ ಎಷ್ಟೋ ವರ್ಷವಾಗಿತ್ತು. ಅವಳ ತೀರ್ಮಾನದ ಮೇಲೆ ಅಪೀಲು ಇಲ್ಲ.

"ಚೀಲದಲ್ಲಿ ಹಗ್ಗ ಇದೆ, ನೋಡಿದೆ," ಎಂದಳು. "ದಿನಾ ನನಗೆ ತೋರಿಸೋಕೆ ಅಂತ ತಗೊಂಡು ಹೋಗ್ತೀರಿ, ಹಾಗೇ ಸುತ್ಕೊಂಡು ವಾಪಸ್ ತರ್ತೀರಿ. ಚೀಲ ಯಾವತ್ತೂ ಬೀಳಲ್ಲ ಬಿಡಿ, ಅದಕ್ಕೆ ಒಳ್ಳೇ ಭದ್ರ ಮಾಡಿದ್ದೀರಿ."

"ಛಾವಣಿ ಹತ್ತೋವಾಗ ಕಟ್ಕೋತೀನಿ ಕಣೇ. ಎಷ್ಟು ಸಲ ಹೇಳ್ಲಿ?"

"ಊರೆಲ್ಲ ಕುರುಡಾಗಿದೆಯಾ ಹಾಗಾದ್ರೆ? ಹಾಲಿನವನು ಹೇಳ್ತಾನೆ, ಇಸ್ತ್ರಿಯವನು ಹೇಳ್ತಾನೆ, ನಿಮ್ಮ ಯಜಮಾನರು ಹಗ್ಗ ಮುಟ್ಟಿದ್ರೆ ಹಗ್ಗಕ್ಕೇ ಮೈಲಿಗೆ ಅನ್ನೋ ಹಾಗೆ ಆಡ್ತಾರೆ ಅಂತ." ಅವಳು ಟೀ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು, ಇನ್ನೂ ಎರಡು ಗುಟುಕು ಉಳಿದಿದ್ದರೂ. "ನಿಮ್ಮ ಕಥೆ ಬಿಡಿ, ನಿಮಗೆ ಹೇಳಿ ಹೇಳಿ ನನ್ನ ನಾಲಿಗೆ ಸವೀತು. ನನ್ನ ತಮ್ಮನ ವಿಷಯ ಹೇಳ್ತಿದ್ದೀನಿ. ನಿಮ್ಮನ್ನ ನೋಡಿ ಅವನೂ ಹಗ್ಗ ಬಿಟ್ಟಿದ್ದಾನೆ. ಭಾವ ಕಟ್ಟಲ್ಲ, ನಾನ್ಯಾಕೆ ಕಟ್ಲಿ ಅಂತಾನೆ. ಅವನ ಗಾತ್ರಕ್ಕೆ ಅವನು ಬಿದ್ರೆ ಎತ್ತೋಕೆ ಕ್ರೇನ್ ಬರಬೇಕು. ಎರಡು ಹೆಣ್ಣುಮಕ್ಕಳಿದ್ದಾವೆ ಅವನಿಗೆ. ಇವತ್ತು ನೀವು ಅವನಿಗೆ ಕಟ್ಕೊಳ್ಳೋಕೆ ಹೇಳ್ಬೇಕು. ಹೇಳದೆ ಈ ಬಾಗಿಲು ತುಳೀಬೇಡಿ."

ಹಲ್ಲಿ ಹೂಂ ಎಂದ. ಹೂಂ ಎನ್ನುವುದು ಮಾತಲ್ಲ, ಉಸಿರು. ಆದರೂ ಬೀದಿಗೆ ಬಿದ್ದ ಮೇಲೆ ಆ ಉಸಿರೇ ಕಲ್ಲಾಗಿ ಎದೆಯಲ್ಲಿ ಕೂತಿತು. ಏಕೆಂದರೆ, ಲೋಕದ ಸುಳ್ಳುಗಾರರೆಲ್ಲ ಸೇರಿ ಆಣೆಯಿಟ್ಟು ಹೇಳಬಹುದಾದಷ್ಟು ದೊಡ್ಡ ಸತ್ಯವೊಂದನ್ನು ಅವನು ದಿನವೂ ಬೆಳಿಗ್ಗೆ ಹೆಂಡತಿಗೆ ಹೇಳುತ್ತಿದ್ದ, ಅವಳು ದಿನವೂ ನಂಬುತ್ತಿರಲಿಲ್ಲ. ಅವನು ಹಗ್ಗ ಕಟ್ಟುತ್ತಿದ್ದ. ಛಾವಣಿಗೆ ಕಾಲಿಟ್ಟ ಮೊದಲ ದಿನದಿಂದ ಇಂದಿನವರೆಗೆ, ಹೆಂಚು ಬದಲಿಸಲಿ, ಹೆಂಚು ಕೂರುವ ರೀಪು ಪಟ್ಟಿ ಹೊಡೆಯಲಿ, ಬರೀ ಒಂದು ಚೆಂಡು ತೆಗೆದುಕೊಡಲು ಹತ್ತಲಿ, ಹಗ್ಗವಿಲ್ಲದೆ ಅವನು ಒಂದು ಗೇಣು ಎತ್ತರವನ್ನೂ ನಂಬಿದವನಲ್ಲ. ಕುರ್ಚಿ ಹತ್ತಿ ಬಲ್ಬು ಹಾಕುವಾಗಲೂ ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದಿರುತ್ತಿದ್ದ. ಅಂಥವನಿಗೆ ಊರು ಹಲ್ಲಿ ಎಂದು ಹೆಸರಿಟ್ಟು, ಗೋಡೆಗೆ ಅಂಟಿಕೊಂಡೇ ಹುಟ್ಟಿದವನು ಎಂದು ಕೊಂಡಾಡಿ, ಮಕ್ಕಳಿಗೆ ತೋರಿಸಿ ಊಟ ಮಾಡಿಸುತ್ತಿತ್ತು.

ಅದೆಲ್ಲ ಶುರುವಾದದ್ದು ಬಾಯಿ ತುಂಬ ಮೊಳೆಗಳಿದ್ದ ಒಂದು ಮಧ್ಯಾಹ್ನ. ಆಗ ಅವನಿನ್ನೂ ಹೊಸಬ. ಕಟ್ಟಿದ್ದ ಹಗ್ಗ ಹಿಂಬದಿಯಿಂದ ಬಂದಿತ್ತು, ಬೀದಿಗೆ ಕಾಣುತ್ತಿರಲಿಲ್ಲ. ಕೆಳಗಿನಿಂದ ಯಾರೋ, "ಅಯ್ಯೋ ನೋಡ್ರೋ ಅವನನ್ನ, ಹಗ್ಗ ಇಲ್ಲದೇ ಹೇಗೆ ನಿಂತಿದ್ದಾನೆ!" ಎಂದು ಕೂಗಿದರು. ತಿದ್ದಬೇಕೆಂದು ಅವನು ಬಾಯಿ ತೆರೆಯಲು ಹೋದ. ಬಾಯಲ್ಲಿ ಮೊಳೆ. ಮೊಳೆ ಉಗುಳಿ ಮಾತಾಡುವಷ್ಟರಲ್ಲಿ ಕೆಳಗೆ ಹತ್ತು ಜನ, ನಿಜ ಹೇಳಬೇಕೆಂದರೆ ಹತ್ತು ಸಾವಿರ ಜನ, ಚಪ್ಪಾಳೆ ತಟ್ಟುತ್ತಿದ್ದರು. ಒಂದು ಚಪ್ಪಾಳೆಯನ್ನು ವಾಪಸ್ ಕೊಡುವುದು ಹೇಗೆ? ತಟ್ಟಿದವನ ಕೈ ಹಿಡಿದು ಎರಡೂ ಅಂಗೈ ಬಿಡಿಸಿಡಲು ಸಾಧ್ಯವೇ? ಆ ಮೇಲೆ ಹಗ್ಗ ಅಂಗಿಯ ಒಳಗೆ ಹೋಯಿತು. ಅಂಗಿ ಎರಡು ಅಳತೆ ದೊಡ್ಡದಾಯಿತು. ಹಗ್ಗಕ್ಕೆ ಹೆಂಚಿನ ಕೆಂಪು ಬಣ್ಣ ಬಳಿದದ್ದಾಯಿತು. ಹಗ್ಗ ಬೀದಿಗೆ ಕಾಣದ ಹಾಗೆ ಯಾವಾಗಲೂ ಹಿಂಬದಿಯ ಇಳಿಜಾರನ್ನೇ ಆರಿಸಿಕೊಳ್ಳುವುದಾಯಿತು, ಅದಕ್ಕೂ ಜನ, ಎಂಥ ವಿನಯ, ಪ್ರದರ್ಶನ ಬೇಡ ಅನ್ನುತ್ತಾನೆ ಎಂದರು. ಹೆದರಿಕೆಯನ್ನು ಮುಚ್ಚಿಡಲು ಮಾಡಿದ್ದೆಲ್ಲ ಒಂದೊಂದೂ ಶೌರ್ಯದ ಲೆಕ್ಕಕ್ಕೆ ಜಮಾ ಆಗುತ್ತ ಹೋಯಿತು.

"ಭಾವ, ಯಾಕೆ ಸಪ್ಪಗಿದ್ದೀರಿ? ಅಕ್ಕ ಕುಟ್ಟಿದ್ಳಾ?" ಎಂದು ಪಕ್ಕದಲ್ಲಿ ಬಂದು ಸೇರಿಕೊಂಡ ಭಾವಮೈದುನ. ಅವನನ್ನು ಎಲ್ಲರೂ ಮೂಟೆ ಎನ್ನುತ್ತಿದ್ದರು. ನೋಡಿದವರು ಕಾರಣ ಕೇಳುತ್ತಿರಲಿಲ್ಲ. ಮೂವತ್ತೈದು ದಾಟಿದ ಗಂಡಸು, ನಡೆದರೆ ಬೀದಿಯ ಒಂದು ಪಕ್ಕ ತಗ್ಗುತ್ತಿತ್ತು. ಈ ದೇಹವನ್ನು ಹೊತ್ತು ಅವನು ಛಾವಣಿ ಹತ್ತುವುದನ್ನು ಕಂಡರೆ ಹೆಂಚುಗಳೇ ಉಸಿರು ಬಿಗಿಹಿಡಿಯುತ್ತಿದ್ದವು. ಹಗ್ಗ ಕಟ್ಟಿಕೋ ಎಂದು ಒಂದು ಮಾತು ಹೇಳಿದರಾಯಿತು. ಅದಕ್ಕೆ ಮೂಟೆ, ನೀವು ಕಟ್ಟಿದ್ದೀರಾ ಭಾವ, ಎಂದರೆ? ಹೌದು ಎನ್ನಬೇಕು. ಹೌದು ಎಂದರೆ ಇವತ್ತು ಸಂಜೆಯೊಳಗೆ ಇಸ್ತ್ರಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಸಮುದ್ರದಾಚೆಗೂ ಸುದ್ದಿ. ಇಲ್ಲ ಎಂದರೆ ಹುಡುಗಿಯರಿಬ್ಬರ ಅಪ್ಪ ಹಗ್ಗವಿಲ್ಲದ ಬರಿಮೈಯಲ್ಲಿ ಸೂರಿನ ಅಂಚಿಗೆ ಹೋಗುತ್ತಾನೆ. ಹಲ್ಲಿ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದ. ಒಂದು ಕಡೆ ಬೀದಿಯವರ ನಗು, ಇನ್ನೊಂದು ಕಡೆ ಮೂಟೆ. ಇಷ್ಟು ಭಾರದ ಮನುಷ್ಯ ಕೂತ ತಟ್ಟೆಯೇ ಮೇಲೆದ್ದಿತಲ್ಲ ಎಂದು ತನ್ನ ಬಗ್ಗೆ ತನಗೇ ಅಸಹ್ಯವಾಗಿ, "ಏನಿಲ್ಲ, ಬಿಸಿಲು," ಎಂದ. ಬಿಸಿಲು ಇನ್ನೂ ಬಂದಿರಲಿಲ್ಲ.

ಕೆಲಸವಿದ್ದದ್ದು ನಿವೃತ್ತ ಹೆಡ್‌ಮೇಡಂ ಮನೆಯಲ್ಲಿ. ಎರಡು ಇಳಿಜಾರಿನ ಹಳೆಯ ಹೆಂಚಿನ ಛಾವಣಿ. ಎರಡೂ ಕೂಡುವ ನೆತ್ತಿಯ ಮೇಲೆ ಕೂತರೆ ಮೋಡಗಳು ತಲೆಗೆ ತಗುಲುತ್ತವೆ ಎಂದು ಪ್ರತೀತಿ. ಮುಂದಿನ ಇಳಿಜಾರು ಬೀದಿಗೆ, ಹಿಂದಿನದು ಬಾವಿ, ಬಟ್ಟೆ ತಂತಿ, ನೀರಿನ ಟ್ಯಾಂಕಿರುವ ಹಿತ್ತಲಿಗೆ. ಮುಂದಿನ ಕೋಣೆಯಲ್ಲಿ ನೆತ್ತಿಯ ಬುಡದಿಂದ ಸೋರುತ್ತದೆ, ಹಿಂದೆ ಸೂರಿನ ಅಂಚಿನ ಹೆಂಚುಗಳು ಒಡೆದಿವೆ, ಎಂದು ಹೆಡ್‌ಮೇಡಂ ತರಗತಿಗೆ ಪಾಠ ಹೇಳುವಂತೆ ವಿವರಿಸಿ, "ಅರ್ಥ ಆಯ್ತಾ?" ಎಂದರು. ಇಬ್ಬರೂ ತಲೆಯಾಡಿಸಿದರು. "ನಾನೊಬ್ಬನೇ ಮೊದಲು ಹತ್ತಿ ಛಾವಣಿ ಮಾತಾಡಿಸಿ ಬರ್ತೀನಿ," ಎಂದ ಹಲ್ಲಿ. ಇದು ಅವನ ಪ್ರಸಿದ್ಧ ಪದ್ಧತಿ. ಛಾವಣಿಯ ಜೊತೆ ಅವನು ಮಾತಾಡುತ್ತಾನೆ, ಅದು ತನ್ನ ನೋವನ್ನು ಅವನಿಗೇ ಹೇಳುತ್ತದೆ ಎಂದು ಊರು ನಂಬಿತ್ತು. ಅವನು ಟ್ಯಾಂಕಿನ ಮರೆಯಲ್ಲಿ ಅಂಗಿ ಎತ್ತಿ ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು, ಉಳಿದದ್ದನ್ನು ಹೊಟ್ಟೆಗೆ ಸುತ್ತಿಕೊಂಡು, ಏಣಿ ಹತ್ತಿ, ಮೊಣಕಾಲೂರಿ ತೆವಳಿ, ನೆತ್ತಿಯ ಪಕ್ಕದ ಒಂದು ಹೆಂಚು ಸರಿಸಿ, ಒಳಗಿನ ತೊಲೆಗೆ ಇನ್ನೊಂದು ತುದಿಯನ್ನು ಕಟ್ಟಿ, ಮಿಕ್ಕ ಸುರುಳಿಯನ್ನು ಒಳಗೆ ತುರುಕಿ ಹೆಂಚು ಮುಚ್ಚಿದ. ತುಟಿ ಅಲುಗುತ್ತಿತ್ತು. ಛಾವಣಿಯ ಜೊತೆ ಆಡುವ ಮಾತು ಅದೇ: ಬೀಳಿಸಬೇಡ, ಬೀಳಿಸಬೇಡ.

ಆ ಗಂಟು ಅವನದೇ ಆವಿಷ್ಕಾರ. ಸಾಮಾನ್ಯ ಗಂಟು ಕಟ್ಟಲು ಸುಲಭ, ಬಿಚ್ಚಲು ಹೊತ್ತು. ಅವನಿಗೆ ಬೇಕಾದದ್ದು ಯಾರಾದರೂ ಏಣಿಯಿಂದ ತಲೆ ಎತ್ತುವಷ್ಟರಲ್ಲಿ ಒಂದೇ ಎಳೆತಕ್ಕೆ ಮಾಯವಾಗುವ ಗಂಟು. ವರ್ಷಗಟ್ಟಲೆ ಪ್ರಯೋಗ ಮಾಡಿ ಅದನ್ನು ಎಷ್ಟು ನಯ ಮಾಡಿದ್ದನೆಂದರೆ, ಹತ್ತಿರ ನಿಂತು ಕೆಮ್ಮಿದರೂ ಬಿಚ್ಚಿಕೊಳ್ಳಬೇಕು. ಅದನ್ನು ಅವನು ದಿನವೂ ಎರಡು ಬೆರಳಿನಿಂದ ಮೃದುವಾಗಿ ಎಳೆದು ಪರೀಕ್ಷಿಸುತ್ತಿದ್ದ, ಮಗುವಿನ ಕೆನ್ನೆ ಹಿಂಡುವಂತೆ. ಇವತ್ತೂ ಹಿಂಡಿದ. ಭದ್ರ. "ಬಾರೋ ಮೇಲೆ," ಎಂದು ಕೂಗಿದ. ಮೂಟೆ ಏದುಸಿರು ಬಿಡುತ್ತ ಏಣಿ ಹತ್ತಿ, ಹೊಟ್ಟೆ ಮೇಲೆ ತೆವಳಿ, ನೆತ್ತಿ ದಾಟಿ ಆಚೆ ಕಡೆ ಇಳಿದ. ಅವನು ಎಲ್ಲೇ ಕೆಲಸ ಮಾಡಲಿ, ನೆತ್ತಿಯ ಹತ್ತಿರದ ಕೆಲಸವನ್ನೇ ಮೊದಲು ಹಿಡಿಯುತ್ತಿದ್ದ, ನೆತ್ತಿಯನ್ನು ತಬ್ಬಿಕೊಂಡೇ ಮಾಡುತ್ತಿದ್ದ. ಸೋಮಾರಿ, ಕೆಳಗಿಳಿಯಲು ಬೇಜಾರು ಎಂದು ಹಲ್ಲಿ ಅಂದುಕೊಂಡಿದ್ದ.

ಆಚೆ ಬೀದಿಯಿಂದ ಇಸ್ತ್ರಿಯವನ ದನಿ ಬಂತು. "ಏನಪ್ಪಾ ಮೂಟೆ, ಛಾವಣಿನ ಮುದ್ದಾಡ್ತಿದ್ದೀಯಾ? ಎದ್ದು ನಿಂತ್ಕೊಳ್ಳೋ! ನಿನ್ನ ಭಾವ ಆದ್ರೆ ಇಷ್ಟೊತ್ತಿಗೆ ಒಂಟಿ ಕಾಲಲ್ಲಿ ನಿಂತು ಬೀಡಿ ಹಚ್ತಿದ್ದ."

"ನಿಂತೆ, ನಿಂತೆ!" ಎಂದ ಮೂಟೆ. ಧ್ವನಿ ಮಲಗಿದ್ದ ಕಡೆಯಿಂದಲೇ ಬಂತು.

ಹಲ್ಲಿ ಎಂದೂ ಒಂಟಿ ಕಾಲಲ್ಲಿ ನಿಂತವನಲ್ಲ, ಬೀಡಿ ಸೇದುವವನೂ ಅಲ್ಲ. ಆದರೆ ಊರು ಹೇಳುವ ಆ ಹಲ್ಲಿಯನ್ನು ಅವನೂ ಕೆಲವೊಮ್ಮೆ ಕನಸಿನಲ್ಲಿ ಕಂಡಿದ್ದ, ಅವನ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದ. ಈಗ ಹೇಳಿಬಿಡಬೇಕು. ನೆತ್ತಿಯ ಈಚೆಯಿಂದ, ಮುಖ ಕಾಣದ ಹಾಗೆ, ಮದುವೆಗೆ ಮುಂಚೆ ಪರದೆಯ ಹಿಂದೆ ನಿಂತು ಮಾತಾಡುವವರ ಹಾಗೆ. "ಲೋ," ಎಂದ.

"ಏನ್ ಭಾವ?"

"ಹಗ್ಗ…"

ಆಚೆ ಹೆಂಚೊಂದನ್ನು ಗಡಿಬಿಡಿಯಿಂದ ಮುಚ್ಚಿದ ಸದ್ದು. "ಯಾವ ಹಗ್ಗ ಭಾವ?" ಎಂದಿತು ಕೊನೆಗೆ ಮೂಟೆಯ ದನಿ, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತೆಳ್ಳಗೆ.

"ಹಗ್ಗ… ಇದ್ದಿದ್ರೆ ಹೆಂಚು ಮೇಲೆಳ್ಕೋಬಹುದಿತ್ತು ಅಂದೆ. ಕೈಯಲ್ಲಿ ಹೊರೋದು ತಪ್ತಿತ್ತು."

"ಓ. ಹೌದು ಭಾವ. ಹೆಂಚಿಗೆ. ಹೆಂಚಿಗೆ ಒಳ್ಳೇದು."

ಮುಗಿಯಿತು. ಹೇಡಿತನಕ್ಕೆ ಒಂದು ಪದಕವಿದ್ದಿದ್ದರೆ ಆ ಗಳಿಗೆಯಲ್ಲಿ ಅದು ಆಕಾಶದಿಂದ ನೇರ ಅವನ ಕೊರಳಿಗೆ ಬೀಳುತ್ತಿತ್ತು. ನಾಚಿಕೆಯನ್ನು ಕೆಲಸದಲ್ಲಿ ಕಳೆಯಲು ಅವನು ಸೂರಿನ ಅಂಚಿಗೆ ಇಳಿದ. ಇಳಿಯುತ್ತ ಹಗ್ಗಕ್ಕೆ ಮೈಭಾರ ಸ್ವಲ್ಪ ಬಿಟ್ಟು ನೋಡಿದ. ಆಶ್ಚರ್ಯ! ಹಗ್ಗ ಇಷ್ಟು ವರ್ಷದಲ್ಲಿ ಎಂದೂ ಇಷ್ಟು ಭದ್ರವಾಗಿ ನಿಂತಿರಲಿಲ್ಲ. ತೊಲೆಗೆ ಕಟ್ಟಿದ್ದು ಎನ್ನುವುದಕ್ಕಿಂತ ಯಾರೋ ಬಲಶಾಲಿಯೊಬ್ಬ ಕಾಳಜಿಯಿಂದ ಹಿಡಿದುಕೊಂಡಿದ್ದಾನೆ ಎನ್ನುವಂತೆ, ಎಳೆದರೆ ಅಷ್ಟೇ ಮೆತ್ತಗೆ ಮರಳಿ ಎಳೆಯುತ್ತಿತ್ತು. ಹಳೇ ಮನೆಯ ಮರ, ಕಬ್ಬಿಣಕ್ಕೆ ಸಮ ಎಂದುಕೊಂಡ. ಸಣ್ಣವನಿದ್ದಾಗ ಅಪ್ಪ ಹಿಂದಿನಿಂದ ಸೈಕಲ್ಲಿನ ಸೀಟು ಹಿಡಿದಿದ್ದಾಗ ಹೀಗೇ ಬೆನ್ನು ಬೆಚ್ಚಗಿತ್ತು. ಹಿಡಿದಿದ್ದಾನೆ ಎಂದುಕೊಂಡು ಬೀದಿ ಕೊನೆಯ ತನಕ ತುಳಿದು, ತಿರುಗಿ ನೋಡಿದರೆ ಅಪ್ಪ ಅಲ್ಲೆಲ್ಲೋ ದೂರದಲ್ಲಿ ಯಾರ ಜೊತೆಗೋ ಮಾತಾಡುತ್ತ ನಿಂತಿದ್ದ. ನೋಡಿದ ತಕ್ಷಣ ಬಿದ್ದಿದ್ದ. ನೋಡದಿದ್ದರೆ ಇವತ್ತಿಗೂ ತುಳಿಯುತ್ತಲೇ ಇರುತ್ತಿದ್ದನೋ ಏನೋ. ಅವನು ಎಂದೂ ಇಲ್ಲದ ಧೈರ್ಯದಿಂದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಕೆಳಗೆ ಬಾಗಿ, ಒಡೆದ ಹೆಂಚನ್ನು ಬಿಡಿಸಿದ. ಹಾಡು ಕೂಡ ಗುನುಗಿದ. ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದ ಹೆಡ್‌ಮೇಡಂ ಕನ್ನಡಕ ಏರಿಸಿ ನೋಡಿ, "ಭೇಷ್!" ಎಂದರು. ಅವರ ಜೀವಮಾನದಲ್ಲಿ ಯಾವ ವಿದ್ಯಾರ್ಥಿಗೂ ಸಿಗದ ಭೇಷ್ ಅದು.

ಆ ಭೇಷ್ ಇನ್ನೂ ಗಾಳಿಯಲ್ಲಿರುವಾಗಲೇ ಆಚೆಯಿಂದ ಹೆಂಚೊಂದು ಪಟ್ ಎಂದು ಒಡೆದ ಸದ್ದು, ಅದರ ಹಿಂದೆ ಒಂದು ಕೂಗು, ಕೂಗಿನ ಹಿಂದೆ ದೊಡ್ಡ ಪೆಟ್ಟಿಗೆಯೊಂದನ್ನು ನೆಲದ ಮೇಲೆ ದರದರ ಎಳೆದಂಥ ಸದ್ದು. ಮತ್ತು ಹಲ್ಲಿ ಮೇಲಕ್ಕೆ ಜಾರತೊಡಗಿದ.

ಕೆಳಕ್ಕೆ ಜಾರಿದವರನ್ನು ಲೋಕ ಕಂಡಿದೆ. ಮೇಲಕ್ಕೆ ಜಾರಿದವನು ಆದಿಯಿಂದ ಇವನೊಬ್ಬನೇ. ಸೊಂಟದ ಹಗ್ಗ ಅವನನ್ನು ಮಗ್ಗುಲು ಮಾಡಿ, ಹೊಟ್ಟೆಯ ಮೇಲೆ ಹೊರಳಿಸಿ, ಇಳಿಜಾರಿನ ಉದ್ದಕ್ಕೂ ಹೆಂಚುಗಳ ಮೇಲೆ ತಟತಟನೆ ಕುಟ್ಟಿಸುತ್ತ, ಬಾವಿಯಿಂದ ಬಿಂದಿಗೆ ಸೇದುವ ಹಾಗೆ ಸೇದಿಕೊಂಡಿತು. "ಏನ್ರೀ ಇದು! ನೀವು ಮೇಲಕ್ಕೆ ಬೀಳ್ತಿದ್ದೀರಿ!" ಎಂದು ಹೆಡ್‌ಮೇಡಂ ಕಿರುಚಿದರು. ಭೌತಶಾಸ್ತ್ರ ಕಲಿಸಿದವರು, ಅವರಿಗೆ ಅದನ್ನು ಸಹಿಸಲಾಗಲಿಲ್ಲ. ಎದುರಿಗೆ ನೆತ್ತಿ ಬಂತು. ಹಲ್ಲಿಯ ಹೊಟ್ಟೆ ಅದಕ್ಕೆ ಡಿಕ್ಕಿ ಹೊಡೆದು ಸಿಕ್ಕಿಕೊಂಡಿತು, ಪ್ರಾಣವೆಲ್ಲ ಒಂದೇ ಬಾರಿ ಮೂಗಿನಿಂದ ಹೊರಟು ಮತ್ತೆ ಮನಸ್ಸು ಬದಲಿಸಿ ಒಳಗೆ ಬಂತು. ಅವನು ತಲೆಯೆತ್ತಿ ಆಚೆ ನೋಡಿದ. ಅವನ ಕೆಂಪು ಹಗ್ಗ ನೆತ್ತಿಯನ್ನು ದಾಟಿ, ಮುಂದಿನ ಇಳಿಜಾರಿನಲ್ಲಿ ನೇರ ಕೆಳಗಿಳಿದು, ಸೂರಿನ ಅಂಚಿನಲ್ಲಿ ಮೂಟೆಯ ಸೊಂಟಕ್ಕೆ ಬಂದು ನಿಂತಿತ್ತು. ಮೂಟೆಯ ಎದೆ ಛಾವಣಿಯ ಮೇಲೆ, ಕಾಲೆರಡೂ ಬೀದಿಯ ಮೇಲೆ ಗಾಳಿಯಲ್ಲಿ ಈಜುತ್ತಿದ್ದವು.

"ಭಾವ! ಭಾವ! ಹಗ್ಗ ಆ ಕಡೆ ಯಾವುದಕ್ಕೋ ಕಟ್ಟಿದೆ! ಬಿಚ್ಚಬೇಡಿ, ದಮ್ಮಯ್ಯ!"

"ಅದು ನಾನೇ ಕಣೋ!"

"ಏನು?"

"ಆ ಕಡೆ ಇರೋದು ನಾನೇ! ಅಲ್ಲಾಡ್ಬೇಡ!"

ಮೂಟೆ ಕತ್ತು ಎತ್ತಿದ. ನೆತ್ತಿಯ ಮೇಲೆ ಭಾವನ ಮುಖ, ಮುಖದ ಕೆಳಗಿನಿಂದ, ಅಂಗಿಯ ಒಳಗಿನಿಂದ, ಹೊರಬಂದ ಹಗ್ಗ. ಅದನ್ನು ಅವನು ಅರ್ಥಮಾಡಿಕೊಂಡದ್ದು ಕಾಲು ಗಾಳಿಯಲ್ಲಿರುವಾಗ. ಮನುಷ್ಯನಿಗೆ ವಿಷಯಗಳು ಬೇಗ ಅರ್ಥವಾಗುವ ಸ್ಥಿತಿ ಅದು. ಅಲ್ಲಾಡುವುದನ್ನು ನಿಲ್ಲಿಸಿದ. ಹಲ್ಲಿ ಒಂದು ಕಾಲನ್ನು ಆಚೆ ಹಾಕಿ ನೆತ್ತಿಯ ಮೇಲೆ ಕುದುರೆ ಏರಿದವನಂತೆ ಕೂತು, ಎರಡೂ ಕೈಯಲ್ಲಿ ಹಗ್ಗ ಹಿಡಿದ. ಅಷ್ಟರಲ್ಲಿ ಕೆಳಗೆ ಬೀದಿಗೆ ಬೀದಿಯೇ ನೆರೆದು, ಇಸ್ತ್ರಿಯವನೂ ಇನ್ನಿಬ್ಬರೂ ಹಿತ್ತಲಿನಿಂದ ಏಣಿ ಹೊತ್ತು ತಂದು, ಮೂಟೆಯ ಈಜುವ ಕಾಲನ್ನು ಹಿಡಿದು ಒಂದೊಂದಾಗಿ ಮೆಟ್ಟಿಲ ಮೇಲಿಟ್ಟು, ಗೋದಿ ಚೀಲ ಇಳಿಸಿಕೊಂಡಂತೆ ಇಳಿಸಿಕೊಂಡರು. ನೆಲ ಮುಟ್ಟಿದ ಮೂಟೆ ಅದನ್ನು ಅಂಗೈಯಿಂದ ಸವರಿದ.

ಆ ಮೇಲೆ ನಗು. ಬದುಕಿದವನನ್ನು ನೋಡಿ ಜನ ನಗುವ ಆ ನಗು. "ಏನೋ ಮೂಟೆ, ಸೊಂಟಕ್ಕೆ ಹಗ್ಗ! ಕರುವಾಗಿಬಿಟ್ಯಾ? ಮೇಯಿಸೋಕೆ ಕಟ್ಟಿದ್ರಾ?" ಇಸ್ತ್ರಿಯವನು ಹಗ್ಗವನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಮೇಲೆ ನೋಡು ನಿನ್ನ ಭಾವನ್ನ. ಬರಿಗೈಯಲ್ಲಿ ಹಿಡ್ಕೊಂಡು ನಿನ್ನ ಜೀವ ಉಳಿಸಿದ್ರು. ಅದು ಗಂಡಸುತನ. ನೋಡಿ ಕಲಿ." ಚಪ್ಪಾಳೆ ಎದ್ದಿತು. ಹಲ್ಲಿ ನೆತ್ತಿಯ ಮೇಲಿಂದ ನೋಡುತ್ತಿದ್ದ. ಎಲ್ಲರ ನಡುವೆ ಮೂಟೆ ಸೊಂಟದ ಗಂಟನ್ನು ಬಿಚ್ಚಲು ಒದ್ದಾಡುತ್ತಿದ್ದ, ಕಿವಿಯ ತನಕ ಕೆಂಪಾಗಿದ್ದ, ಭಾವನ ಹಗ್ಗದ ವಿಷಯ ಬಾಯಿಬಿಡಲಿಲ್ಲ. ಬಿಡಬಹುದಿತ್ತು. ಬದಲಿಗೆ, "ತಪ್ಪಾಯ್ತು, ಇನ್ಮೇಲೆ ಕಟ್ಟಲ್ಲ. ಯಾವತ್ತೂ ಕಟ್ಟಲ್ಲ," ಎಂದ.

ಹಲ್ಲಿಯ ಬಾಯಲ್ಲಿ ಇವತ್ತು ಮೊಳೆ ಇರಲಿಲ್ಲ. ಇದ್ದಿದ್ದರೆ ಎಂದು ಒಂದು ಕ್ಷಣ ಆಸೆಪಟ್ಟ. ಸುಮ್ಮನೆ ಕೂತಿದ್ದರೆ ಸಾಕು, ಇನ್ನೂ ಇಪ್ಪತ್ತು ವರ್ಷಕ್ಕಾಗುವಷ್ಟು ಕೀರ್ತಿ ತಾನಾಗಿ ಬೆಳೆಯುತ್ತದೆ. ಮೂಟೆ ನಾಳೆಯಿಂದ ಬರಿಮೈಯಲ್ಲಿ ಹತ್ತುತ್ತಾನೆ, ಒಂದು ದಿನ ಹೆಂಚು ಪಟ್ ಅನ್ನುತ್ತದೆ. ಅವನು ಎರಡೂ ಕೈಯಿಂದ ಅಂಗಿಯನ್ನು ಎತ್ತಿ, ಕುತ್ತಿಗೆಯ ತನಕ ಎತ್ತಿ, ಬೀದಿಗೆ ತನ್ನ ಬೋಳು ಹೊಟ್ಟೆ ತೋರಿಸಿದ. "ನೋಡಿ! ಎಲ್ಲಾರೂ ನೋಡಿ! ಇದು ನನ್ನ ಹಗ್ಗ! ನಾನು ಯಾವಾಗಲೂ ಕಟ್ತೀನಿ! ನನಗೆ ಹೆದರಿಕೆ! ಮೊದಲಿಂದಲೂ ಹೆದರಿಕೆ!"

ಹಲ್ಲಿ ನಗುವಿಗಾಗಿ ಕಾದ, ಹಲ್ಲು ಕೀಳುವವನ ಎದುರು ಬಾಯಿ ತೆರೆದು ಕಾಯುವಂತೆ. ಇಸ್ತ್ರಿಯವನು ನಿಧಾನವಾಗಿ ಕೈ ಎದೆಯ ಮೇಲಿಟ್ಟುಕೊಂಡ. "ಅಯ್ಯೋ ದೇವರೇ," ಎಂದ, ಗದ್ಗದವಾಗಿ. "ಭಾವಮೈದುನನಿಗೆ ಅವಮಾನ ಆಗ್ಬಾರ್ದು ಅಂತ ತನ್ನ ಮೇಲೇ ಹಾಕ್ಕೋತಿದ್ದಾನಲ್ರೋ! ಅವನು ಜಾರ್ತಾ ಇರೋವಾಗ ಓಡಿ ಬಂದು ಹಗ್ಗದ ತುದಿನ ತನ್ನ ಸೊಂಟಕ್ಕೇ ಕಟ್ಕೊಂಡಿದ್ದಾನೆ. ಸತ್ರೆ ಇಬ್ರೂ ಅಂತ!" ಒಬ್ಬ ಮುದುಕ ಕಣ್ಣೊರೆಸಿಕೊಂಡ. ಹಿಂದೆಂದೂ ಕೇಳದಂಥ ಚಪ್ಪಾಳೆ ಎದ್ದಿತು, ಪಾರಿವಾಳಗಳು ಮೂರು ಬೀದಿ ಆಚೆ ಹಾರಿದವು. "ಇಲ್ಲ ಕಣ್ರಯ್ಯಾ! ನಿಜ!" ಎಂದು ಹಲ್ಲಿ ಕೂಗಿಕೊಂಡಷ್ಟೂ ಚಪ್ಪಾಳೆ ಜೋರಾಯಿತು. ಅವನು ಅಂಗಿ ಇಳಿಸಿದ. ಮಾನ ಕಳೆದುಕೊಳ್ಳಲೂ ಮನುಷ್ಯನಿಗೆ ಯೋಗ್ಯತೆ ಬೇಕು.

ಚಪ್ಪಾಳೆ ತಟ್ಟದೆ ನೋಡುತ್ತಿದ್ದವನು ಮೂಟೆ ಒಬ್ಬನೇ. ಏಣಿ ಹಿತ್ತಲಿಗೆ ಮರಳಿದ ಮೇಲೆ ಹಲ್ಲಿ ಇಳಿದು ಬಂದಾಗ ಅವನು ಬಾವಿಯ ಪಕ್ಕ ಕಾಯುತ್ತಿದ್ದ. ಹತ್ತಿರ ಬಂದು ಭಾವನ ಅಂಗಿ ಎತ್ತಿ, ಸೊಂಟದ ಸುತ್ತಲಿನ ಆ ಕಪ್ಪು ಗೆರೆಯನ್ನು, ಜಡ್ಡುಗಟ್ಟಿ ಎಮ್ಮೆ ಚರ್ಮದಂತಾದ ಅದನ್ನು, ಬೆರಳಿನಿಂದ ಉದ್ದಕ್ಕೂ ಮುಟ್ಟಿ ನೋಡಿದ. ಒಂದು ಬೆಳಿಗ್ಗೆಯಲ್ಲಿ ಆದ ಗುರುತಲ್ಲ ಅದು.

"ಮೊದಲಿಂದಲೂನಾ ಭಾವ?"

"ಮೊದಲಿಂದಲೂ."

"ನಾನು ಪ್ರತಿ ದಿನ ಏಣಿ ಹತ್ತೋ ಮುಂಚೆ ವಾಂತಿ ಮಾಡ್ಕೋತಿದ್ದೆ." ಮೂಟೆಯ ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ, ಅದೇ ಹಲ್ಲಿಗೆ ಕಷ್ಟವಾಯಿತು. ಹೊಡೆದಿದ್ದರೆ ಚೆನ್ನಾಗಿತ್ತು. "ಭಾವನಿಗೆ ಹೆದರಿಕೆನೇ ಇಲ್ಲ, ನನಗೆ ಮಾತ್ರ ಯಾಕೆ ಹೀಗೆ, ನಾನು ಗಂಡಸೇ ಅಲ್ವೇನೋ ಅಂದ್ಕೋತಿದ್ದೆ. ಇವತ್ತು ನೆತ್ತಿ ಹೆಂಚು ಎತ್ತಿದ್ರೆ ಒಳಗೆ ಹಗ್ಗ. ಈ ಮನೆಯವರದ್ದೇ ಯಾವುದೋ ಹಳೇದು ಅಂದ್ಕೊಂಡೆ. ದೇವರೇ ಕೊಟ್ಟ ಅಂತ ಸೊಂಟಕ್ಕೆ ಬಿಗಿದೆ. ಎಳೆದು ನೋಡಿದೆ, ಗಟ್ಟಿಯಾಗಿತ್ತು."

"ನಾನೂ ಎಳೆದು ನೋಡಿದೆ," ಎಂದ ಹಲ್ಲಿ. "ನೀನು ತೊಲೆಯಿಂದ ಬಿಚ್ಚಬಾರದಿತ್ತು ಕಣೋ. ಅದೇ ತಪ್ಪಾಗಿದ್ದು."

"ನಾನೆಲ್ಲಿ ಬಿಚ್ಚಿದೆ?" ಮೂಟೆ ಅವನನ್ನು ವಿಚಿತ್ರವಾಗಿ ನೋಡಿದ. "ಎತ್ಕೊಂಡೆ, ಬಂತು. ಕಟ್ಟಿತ್ತು ಅಂತಾನೇ ನನಗೆ ಗೊತ್ತಾಗಿಲ್ಲ."

ಇದನ್ನು ಹಲ್ಲಿಗೆ ಸಹಿಸಲಾಗಲಿಲ್ಲ. ಹೆದರುಪುಕ್ಕಲ ಎನ್ನಲಿ, ಸುಳ್ಳುಗಾರ ಎನ್ನಲಿ, ತನ್ನ ಗಂಟನ್ನು ಅನ್ನಬಾರದು. ಹಗ್ಗವನ್ನು ಕಿತ್ತುಕೊಂಡು ಹಿತ್ತಲಿನ ಕಂಬಕ್ಕೆ ಸುತ್ತಿ, ಒಳಗೆ ತೂರಿಸಿ, ಮಡಿಸಿ, ಬೆರಳ ತುದಿಯ ಚಮತ್ಕಾರವೆಲ್ಲ ತೋರಿಸಿ ಕಟ್ಟಿದ. "ಇದು ಗಂಟು. ನೋಡು." ಎರಡು ಬೆರಳಿನಿಂದ ಹಿಂಡಿದ. ಭದ್ರ. "ಹಾಗಲ್ಲ ಭಾವ," ಎಂದ ಮೂಟೆ, "ಬಿದ್ದೋರ ಹಾಗೆ ಎಳೀರಿ." ಹಲ್ಲಿ ತಿರಸ್ಕಾರದಿಂದ ನಕ್ಕು, ಹಗ್ಗವನ್ನು ಸೊಂಟಕ್ಕೆ ಬಳಸಿ, ಕಂಬಕ್ಕೆ ಮುಖ ಮಾಡಿ, ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಪೂರ್ತಿ ಭಾರವನ್ನು ಹಿಂದಕ್ಕೆ ಬಿಟ್ಟ. ಗಂಟು ಒಂದು ಸದ್ದನ್ನೂ ಮಾಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಕಂಬವನ್ನು ಬಿಟ್ಟು ಬಂತು. ಎಂದೂ ಬೀಳದ ಹಲ್ಲಿ ಸಮತಟ್ಟಾದ ನೆಲದ ಮೇಲೆ, ತೊಳೆದ ದಿಂಬುಚೀಲಗಳ ಕೆಳಗೆ, ಅಂಗಾತ ಬಿದ್ದ.

ಏಳಲಿಲ್ಲ. ಪೆಟ್ಟಾಗಿರಲಿಲ್ಲ, ಆದರೂ ಏಳಲಿಲ್ಲ. ಬಟ್ಟೆಗಳ ಸಂದಿಯಿಂದ ಛಾವಣಿಯ ಅಂಚು ಕಾಣುತ್ತಿತ್ತು, ಅದರಾಚೆ ಎಷ್ಟೋ ಛಾವಣಿಗಳು, ಶಾಲೆಯದ್ದು, ಅಕ್ಕಿ ಗಿರಣಿಯದ್ದು, ಮೂರು ಅಂತಸ್ತಿನ ಆ ಹೋಟೆಲಿನದ್ದು, ಅಲ್ಲಿ ಅವನು ಒಂದು ಬೇಸಗೆಯಿಡೀ ಅಂಚಿನಲ್ಲಿ ಬಾಗಿ ಕೆಲಸ ಮಾಡಿದ್ದ. ಎಲ್ಲದರಲ್ಲೂ ಆ ಗಂಟು. ಹಾಗಾದರೆ ಹಾಲಿನವನು ಹೇಳಿದ್ದು ಸರಿ. ಇಸ್ತ್ರಿಯವನು ಹೇಳಿದ್ದು ಸರಿ. ಇಷ್ಟು ವರ್ಷ ಅವನನ್ನು ಹಿಡಿದಿದ್ದದ್ದು ಏನೂ ಇರಲಿಲ್ಲ, ಹಗ್ಗವಿಲ್ಲದೆ ಹತ್ತುವ ಮನುಷ್ಯನೆಂದು ಇಡೀ ಊರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿತ್ತು, ತಪ್ಪು ತಿಳಿದಿದ್ದವನು ಅವನೊಬ್ಬನೇ. ಅವನ ಮೊಣಕಾಲುಗಳು, ಮಲಗಿದಲ್ಲೇ, ನಡುಗಲು ಶುರುಮಾಡಿದವು. ಹಿಂದಿನ ಎಲ್ಲ ಛಾವಣಿಗಳ ನಡುಕ ಒಟ್ಟಿಗೇ ಬಂದಿತ್ತು.

"ಏಟಾಯ್ತೇನ್ರೀ?" ಎಂದರು ಟೀ ತಂದ ಹೆಡ್‌ಮೇಡಂ.

"ಈಗ ಆಗ್ತಿದೆ ಮೇಡಂ," ಎಂದ ಹಲ್ಲಿ.

ಮಧ್ಯಾಹ್ನ ಮೂಟೆ ಹೋಗಿ ಇನ್ನೊಂದು ಹಗ್ಗ ತಂದ, ಹೆಬ್ಬೆರಳು ದಪ್ಪದ್ದು, ಅರ್ಧ ಮೈಲಿಯಿಂದಲೇ ಕಾಣುವ ಹಳದಿ. ತೊಲೆಗೆ ಎರಡೂ ಹಗ್ಗಗಳನ್ನು ಬೇರೆ ಬೇರೆಯಾಗಿ ಕಟ್ಟಿದ, ಬಿಚ್ಚಲು ಸಂಜೆ ತನಕ ಬೇಕಾಗುವ ಕಗ್ಗಂಟು, ಕಟ್ಟಿದ ಮೇಲೆ ಒಂದೊಂದಕ್ಕೂ ತನ್ನ ಮೈಯ ಭಾರವನ್ನು ಪೂರ್ತಿ ಬಿಟ್ಟು ನೇತಾಡಿ ನೋಡಿದ. ಹಳದಿಯದನ್ನು ಭಾವನಿಗೆ, ಅಂಗಿಯ ಮೇಲೆ, ಕಂಕುಳ ಕೆಳಗಿಂದ ಸುತ್ತಿ ಬಿಗಿದ. ಶಾಲೆಗೆ ಹೊರಟ ಮಗುವಿನಂತೆ ಹಲ್ಲಿ ಕೈಯೆತ್ತಿ ನಿಂತುಕೊಂಡಿದ್ದ. ಬೀದಿಯವರು ಊಟ ಮುಗಿಸಿ ಎರಡನೇ ಆಟ ನೋಡಲು ಬಂದಿದ್ದರು. ಸ್ವಲ್ಪ ಹೊತ್ತು ನೋಡಿದರು. ಒಬ್ಬೊಬ್ಬರಾಗಿ ಹೊರಟರು. ಹಗ್ಗ ಕಟ್ಟಿಕೊಂಡು ಹೆಂಚು ಬದಲಿಸುವವರಿಬ್ಬರನ್ನು ನೋಡುತ್ತ ಯಾರು ನಿಲ್ಲುತ್ತಾರೆ? ಅದು ಕೆಲಸ, ಅಷ್ಟೇ. ಇಸ್ತ್ರಿಯವನು ಕೊನೆಯವನಾಗಿ ಹೋಗುತ್ತ, "ಪಾಪ, ಬೆಳಗಿನ ಭಯಕ್ಕೆ ಮೂಟೆಗೆ ಧೈರ್ಯ ತುಂಬೋಕೆ ತಾನೂ ಕಟ್ಕೊಂಡಿದ್ದಾನೆ," ಎಂದು ಯಾರಿಗೋ ವಿವರಿಸಿದ.

ಹಲ್ಲಿಗೆ ನಿಲ್ಲಲಾಗಲಿಲ್ಲ. ಕುಂಡೆಯ ಮೇಲೆ ಕೂತು, ಅಂಗೈ ಊರಿ, ಒಂದೊಂದೇ ಹೆಂಚು ಸರಿಯುತ್ತ ಅಂಚಿನ ಕಡೆಗೆ ಹೊರಟ. ಇಡೀ ಛಾವಣಿ ಕುದಿಯುವ ಹಾಲಿನಂತೆ ಉಬ್ಬಿ ಇಳಿಯುತ್ತಿತ್ತು. ಬಾವಿ ಬಾಯಿ ತೆರೆದುಕೊಂಡಿತ್ತು. ನೆತ್ತಿಯ ಆಚೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು, ಟಕ್, ಟಕ್, ನಿಧಾನ, ಗಟ್ಟಿ. ಆಮೇಲೆ ಅದು ನಿಂತಿತು. ನಿಂತೇ ಇತ್ತು.

"ಲೋ," ಎಂದು ಕೂಗಿದ ಹಲ್ಲಿ. "ಇದ್ದೀಯೇನೋ?"

"ಇದ್ದೀನಿ ಭಾವ. ನೀವು?"

ಹಲ್ಲಿ ಎರಡೂ ಕೈಯಲ್ಲಿ ಹಳದಿ ಹಗ್ಗವನ್ನು ಹಿಡಿದು, ಬಿದ್ದವರ ಹಾಗೆ ಎಳೆದು ನೋಡಿದ.

"ಇದ್ದೀನಿ," ಎಂದ.